ಆಟಕ್ಕೊಂದು ಬಿಟ್‌ರೇಟ್, ಕೂಟಕ್ಕೊಂದು

ರಂಗದ ಕಾರ್ಯಕ್ರಮಗಳನ್ನು ಚಿತ್ರೀಕರಿಸಿ ಎಡಿಟ್ ಮಾಡುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಯಕ್ಷಗಾನದಲ್ಲಿ ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ರಂಗಸ್ಥಳದ ಹಿಂದೆ ಕತ್ತಲು. ದೊಂದಿಗೆ ರಾಳದ ಪುಡಿ ಎರಚಿದ ಕೂಡಲೇ ಬೆಂಕಿ ಭುಗಿಲೇಳುತ್ತದೆ, ಹೊಗೆ ಸುರುಳಿ ಸುರುಳಿಯಾಗಿ ಮೇಲೇರುತ್ತದೆ, ಚಂಡೆ ಬಿರುಸಾಗುತ್ತದೆ, ಕೆಂಪು ಬಟ್ಟೆ, ಕನ್ನಡಿ ಚೂರುಗಳ ಕಿರೀಟ ಹೊತ್ತ ವೇಷ ಗಿರಗಿರನೆ ತಿರುಗುತ್ತದೆ. ಕ್ಯಾಮೆರಾದ ಮೂಲ ಫೈಲಿನಲ್ಲಿ ಇದು ಚೆನ್ನಾಗಿರುತ್ತದೆ, ಟೈಮ್‌ಲೈನ್‌ನಲ್ಲೂ ಚೆನ್ನಾಗಿಯೇ ಕಾಣುತ್ತದೆ. ರೆಂಡರ್ ಆಗಿ, ಅಂದರೆ ಎಡಿಟ್ ಆದದ್ದೆಲ್ಲ ಒಂದೇ ವಿಡಿಯೋ ಆಗಿ ಹೊರಬಂದ ಫೈಲಿನಲ್ಲಿ ಮಾತ್ರ ಹೊಗೆ ಚೌಕ ಚೌಕವಾಗಿ ಒಡೆದಿರುತ್ತದೆ, ಮುಖದ ಮೇಲಿನ ಚುಟ್ಟಿ ಎಂಬ ಬಿಳಿ ಅಲಂಕಾರ ಕರಗಿ ಬಿಳಿ ಮುದ್ದೆಯಾಗಿರುತ್ತದೆ, ಕೆಂಪು ಬಟ್ಟೆಯ ಅಂಚು ಪಕ್ಕದ ಕಪ್ಪಿನೊಳಕ್ಕೆ ಹರಡಿರುತ್ತದೆ. ಅದೇ ಸೆಟ್ಟಿಂಗ್‌ನಲ್ಲಿ, ಅದೇ ಕಂಪ್ಯೂಟರಿನಲ್ಲಿ ರೆಂಡರ್ ಮಾಡಿದ, ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ ನೋಡಿದರೆ ಅರ್ಥಧಾರಿಯ ಶಲ್ಯದ ಎಳೆ ಕೂಡ ಎಣಿಸಬಹುದು.

ಸಾಫ್ಟ್‌ವೇರ್ ಎರಡಕ್ಕೂ ಒಂದೇ. ‘ಹೈ ಕ್ವಾಲಿಟಿ’ ಎಂಬ ಆಯ್ಕೆಯೂ ಒಂದೇ. ಹಾಗಿದ್ದರೂ ವೇಷ ಕಟ್ಟಿ ಕುಣಿಯುವ ಆಟ ಕೆಟ್ಟಿತು, ತಾಳಮದ್ದಳೆಯ ಕೂಟ ಉಳಿಯಿತು. ಇದು ಏಕೆಂದು ಗೊತ್ತಾದರೆ ರೆಂಡರ್ ಕಿಟಕಿಯ ಅರ್ಧಕ್ಕರ್ಧ ಗೊಂದಲ ತೀರಿದಂತೆ. ಅಲ್ಲಿಂದಲೇ ಶುರು ಮಾಡೋಣ.

ಒಂದು ಫ್ರೇಮಿಗೆ ಎಷ್ಟು ಜಾಗ?

ಫುಲ್ ಎಚ್‌ಡಿ ಚಿತ್ರವೆಂದರೆ 1920 × 1080 ಪಿಕ್ಸೆಲ್. ನಾವು ಸಾಮಾನ್ಯವಾಗಿ ಕೊಡುವ 8 ಬಿಟ್, 4:2:0 ರೂಪದಲ್ಲಿ (ಈ ಅಂಕಗಳ ಅರ್ಥ ಮುಂದೆ ಬರುತ್ತದೆ) ಒಂದು ಪಿಕ್ಸೆಲಿಗೆ ಸರಾಸರಿ ಒಂದೂವರೆ ಬೈಟ್. ಅಂದರೆ ಒಂದು ಫ್ರೇಮಿಗೆ ಸುಮಾರು 31 ಲಕ್ಷ ಬೈಟ್. ಸೆಕೆಂಡಿಗೆ 25 ಫ್ರೇಮ್, ಒಟ್ಟು ಸುಮಾರು 78 ಎಂಬಿ. ಈಗ ನೀವು ರೆಂಡರ್ ಕಿಟಕಿಯಲ್ಲಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬಳಸಬಹುದಾದ ಬಿಟ್‌ಗಳು, 8 ಎಂಬಿಪಿಎಸ್ ಎಂದು ಹಾಕುತ್ತೀರಿ. ಎಂಬಿಪಿಎಸ್ ಎಂಬುದು ಮೆಗಾಬಿಟ್, ಮೆಗಾಬೈಟ್ ಅಲ್ಲ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 1 ಎಂಬಿ. ಆ ಒಂದು ಎಂಬಿಯಲ್ಲಿ 25 ಫ್ರೇಮ್ ಹಿಡಿಯಬೇಕು, ಫ್ರೇಮಿಗೆ ಸರಾಸರಿ 40 ಸಾವಿರ ಬೈಟ್. 31 ಲಕ್ಷ ಇದ್ದದ್ದು 40 ಸಾವಿರಕ್ಕೆ ಇಳಿಯಬೇಕು, ಹೆಚ್ಚುಕಮ್ಮಿ 78ರಲ್ಲಿ ಒಂದು ಪಾಲು.

ವಿಡಿಯೋವನ್ನು ಹಿಂಡಿ ಚಿಕ್ಕದಾಗಿಸುವ ಎಚ್.264 ಎಂಬ ಕೋಡೆಕ್ ಇದನ್ನು ಸಾಧಿಸುವ ಬಗೆ ಹೀಗೆ. ಪ್ರತಿ ಚಿತ್ರವನ್ನು 16 × 16 ಪಿಕ್ಸೆಲಿನ ಚೌಕಗಳಾಗಿ ಹೋಳು ಮಾಡುತ್ತದೆ. ಈ ಚೌಕ ಹಿಂದಿನ ಚಿತ್ರದಲ್ಲಿ ಎಲ್ಲಾದರೂ ಇತ್ತೇ ಎಂದು ಹುಡುಕುತ್ತದೆ. ಇದ್ದರೆ ‘ಅಲ್ಲಿಂದ ತೆಗೆದುಕೊ, ಇಷ್ಟು ಸರಿಸು’ ಎಂಬ ಚಿಕ್ಕ ಟಿಪ್ಪಣಿ ಬರೆದು ಮುಂದೆ ಹೋಗುತ್ತದೆ. ತಾಳಮದ್ದಳೆಯಲ್ಲಿ ಹಿಂದಿನ ಪರದೆ ಅಲುಗುವುದಿಲ್ಲ, ಕೂರುವ ಆಸನ, ಮೈಕು, ಹಾಸಿದ ಜಮಖಾನ ಯಾವುದೂ ಅಲುಗುವುದಿಲ್ಲ. ಕದಲುವುದು ಕೈ, ತುಟಿ, ಕಣ್ಣು. 40 ಸಾವಿರ ಬೈಟ್ ಅಲ್ಲಿ ಧಾರಾಳವಾಯಿತು. ಬೆಂಕಿ, ಹೊಗೆ, ತಿರುಗುವ ವೇಷದಲ್ಲಿ ಹಿಂದಿನ ಫ್ರೇಮಿನಿಂದ ಎರವಲು ತರಲು ಏನೂ ಇಲ್ಲ. ಹೊಗೆಯ ಪ್ರತಿ ಚೌಕವೂ ಹೊಸದು. ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಬರೆಯಲು ಜಾಗವಿಲ್ಲ. ಆಗ ಎನ್‌ಕೋಡರ್ (ಈ ಹಿಂಡುವ ಕೆಲಸ ಮಾಡುವ ತಂತ್ರಾಂಶ) ಪ್ರತಿ ಚೌಕದೊಳಗಿನ ವಿವರವನ್ನು ಬಿಟ್ಟು ಸರಾಸರಿ ಬಣ್ಣವನ್ನಷ್ಟೇ ಇಟ್ಟುಕೊಳ್ಳುತ್ತದೆ. ನಿಮಗೆ ಕಾಣುವ ಚೌಕಗಳು ಅವೇ.

ಹಾಗಾಗಿ ‘1080ಪಿಗೆ ಎಷ್ಟು ಬಿಟ್‌ರೇಟ್?’ ಎಂದು ಕೇಳಿದರೆ ಉತ್ತರ ಅರ್ಧವೇ ಸಿಗುತ್ತದೆ. ನಿಮ್ಮ ಟೈಮ್‌ಲೈನ್‌ನ ಅತಿ ಕಷ್ಟದ ಹತ್ತಿಪ್ಪತ್ತು ಸೆಕೆಂಡಿಗೆ ಎಷ್ಟು ಬೇಕು ಎಂದು ಕೇಳಬೇಕು. ಉಳಿದದ್ದು ಅದರ ಹಿಂದೆಯೇ ಬರುತ್ತದೆ.

ಇಪ್ಪತ್ತು ಸೆಕೆಂಡಿನ ಪರೀಕ್ಷೆ

ಇದನ್ನು ದಯವಿಟ್ಟು ರೂಢಿ ಮಾಡಿಕೊಳ್ಳಿ. ಎಡಿಟ್ ಮುಗಿದ ಮೇಲೆ ಟೈಮ್‌ಲೈನ್ ಓಡಿಸಿ, ಎರಡು ಜಾಗ ಗುರುತಿಸಿ. ಒಂದು ಅತಿ ಗದ್ದಲದ ಜಾಗ: ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ), ಬೆಂಕಿ, ಹೊಗೆ, ಮಿನುಗುವ ಲೈಟು, ಜನಜಂಗುಳಿಯ ಮೇಲೆ ಕ್ಯಾಮೆರಾ ಹಾಯುವ ಶಾಟ್. ಇನ್ನೊಂದು ಕತ್ತಲು ಹೆಚ್ಚಿರುವ ನಿಧಾನದ ಜಾಗ. ಮೊದಲನೆಯದರ ಸುತ್ತ ಇನ್, ಔಟ್ ಗುರುತು ಹಾಕಿ, 20 ಸೆಕೆಂಡು ಮಾತ್ರ ರೆಂಡರ್ ಮಾಡಿ.

ಯಾವ ಸೆಟ್ಟಿಂಗ್‌ನಲ್ಲಿ? ಸಾಧ್ಯವಿದ್ದರೆ ಗುಣಮಟ್ಟವನ್ನೇ ಗಟ್ಟಿಯಾಗಿ ಹಿಡಿಯುವ ಆಯ್ಕೆಯಲ್ಲಿ. ವಿಡಿಯೋ ಫೈಲ್ ಬದಲಿಸುವ ಉಚಿತ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ ಇದರ ಹೆಸರು ಆರ್‌ಎಫ್, ಉಳಿದ ಬಹಳ ಕಡೆ ಸಿಆರ್‌ಎಫ್. ಎಡಿಟ್ ತಂತ್ರಾಂಶವಾದ ಶಾಟ್‌ಕಟ್ ಇದನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ, ಅಲ್ಲಿನ 55 ಶೇಕಡಾ ಎಂದರೆ ಸಿಆರ್‌ಎಫ್ 23. ಎಚ್.264 ಫೈಲು ಮಾಡುವ ಎಕ್ಸ್264 ಎನ್‌ಕೋಡರಿನಲ್ಲಿ ಈ ಸಂಖ್ಯೆ 0ರಿಂದ 51ರವರೆಗೆ. ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದಪ್ಪ. ತಾನಾಗಿ ಕೂತಿರುವ ಸಂಖ್ಯೆ 23. 18ಕ್ಕೆ ಬಂದರೆ ಮೂಲಕ್ಕೂ ಇದಕ್ಕೂ ವ್ಯತ್ಯಾಸ ಹುಡುಕುವುದು ಬರಿಗಣ್ಣಿಗೆ ಕಷ್ಟ. 6 ಅಂಕ ಇಳಿಸಿದರೆ ಫೈಲು ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ, 6 ಏರಿಸಿದರೆ ಅರ್ಧವಾಗುತ್ತದೆ. ಎಚ್.264ರ ನಂತರ ಬಂದ ಎಚ್.265ರ ಎಕ್ಸ್265 ಎನ್‌ಕೋಡರಿನಲ್ಲಿ ಅಳತೆ ಬೇರೆ, ಅಲ್ಲಿ ತಾನಾಗಿ ಕೂತಿರುವುದು 28. ಇಲ್ಲಿನ ಅಂಕ ಅಲ್ಲಿಗೆ ಹೊಂದುವುದಿಲ್ಲ.

ಸಿಆರ್‌ಎಫ್ 20 ಇಟ್ಟು 20 ಸೆಕೆಂಡಿನ ತುಂಡು ತೆಗೆದಿರಿ, 45 ಎಂಬಿ ಬಂತೆಂದುಕೊಳ್ಳಿ. 45ನ್ನು 8ರಿಂದ ಗುಣಿಸಿ 20ರಿಂದ ಭಾಗಿಸಿ: 18 ಎಂಬಿಪಿಎಸ್. ಅಂದರೆ ಆ ಬೆಂಕಿಯ ದೃಶ್ಯಕ್ಕೆ ನಿಜವಾಗಿ ಬೇಕಾದದ್ದು 18. ನೀವು 8 ಕೊಟ್ಟಿದ್ದರೆ ಹತ್ತು ಎಂಬಿಪಿಎಸ್ ಕೊರತೆಯಲ್ಲಿ ಅದನ್ನು ಹಿಂಡಿದಂತೆ. ಅದೇ ಸಿಆರ್‌ಎಫ್‌ನಲ್ಲಿ ತಾಳಮದ್ದಳೆಯ 20 ಸೆಕೆಂಡು 7 ಎಂಬಿ ಬಂದರೆ ಅದರ ಬೇಡಿಕೆ 2.8 ಎಂಬಿಪಿಎಸ್. ಅದಕ್ಕೆ 8 ಕೊಟ್ಟರೆ ಹಾರ್ಡ್‌ಡಿಸ್ಕ್ ತುಂಬುವುದು ಬಿಟ್ಟು ಬೇರೇನೂ ಆಗುವುದಿಲ್ಲ.

ತುಂಡನ್ನು ನೋಡುವ ಕ್ರಮವೂ ಮುಖ್ಯ. ಓಡಿಸಿ ನೋಡಿ, ಆಮೇಲೆ ನಿಲ್ಲಿಸಿ ನೋಡಿ. ನಿಲ್ಲಿಸಿ ನೂರಕ್ಕೆ ನೂರು ಗಾತ್ರದಲ್ಲಿ ನೋಡಿದರೆ ಎಲ್ಲ ಎಚ್.264 ಫೈಲಿನಲ್ಲೂ ಏನಾದರೊಂದು ಕುಂದು ಸಿಕ್ಕೇ ಸಿಗುತ್ತದೆ. ಓಡುವಾಗ ಕಣ್ಣಿಗೆ ಬೀಳದ ಕುಂದಿಗೆ ಬಿಟ್ ಸುರಿಯಬೇಕಾಗಿಲ್ಲ. ಮಾನಿಟರ್‌ನ ಬೆಳಕು ಹೆಚ್ಚಿಸಿ ಕತ್ತಲ ಜಾಗವನ್ನು ಒಮ್ಮೆ ನೋಡಿ, ಯಾಕೆಂದರೆ ನೋಡುಗರ ಮನೆಯ ಟಿವಿ ಬೆಳಕು ನಿಮ್ಮದಕ್ಕಿಂತ ಹೆಚ್ಚಿರುವ ಸಂಭವವೇ ಜಾಸ್ತಿ.

ಸಿಬಿಆರ್, ವಿಬಿಆರ್, ಒಂದು ಸುತ್ತು, ಎರಡು ಸುತ್ತು

ಸಿಬಿಆರ್ (ಕಾನ್‌ಸ್ಟಂಟ್ ಬಿಟ್‌ರೇಟ್) ಎಂದರೆ ಪ್ರತಿ ಸೆಕೆಂಡಿಗೂ ಒಂದೇ ಪಾಲು. ಭಾಗವತರು ಸುಮ್ಮನೆ ಕೂತಿದ್ದಾಗಲೂ ಅಷ್ಟೇ, ಬೆಂಕಿ ಎದ್ದಾಗಲೂ ಅಷ್ಟೇ. ಇದು ಲೈವ್ ಕಳಿಸುವಾಗ ಬೇಕು, ಯಾಕೆಂದರೆ ಅಲ್ಲಿ ಇಂಟರ್‌ನೆಟ್ ತಂತಿಯ ಅಗಲ ನಿಗದಿಯಾಗಿರುತ್ತದೆ. ಎಡಿಟ್ ಮಾಡಿದ ಫೈಲಿಗೆ ಇದರ ಅಗತ್ಯ ಇಲ್ಲ.

ವಿಬಿಆರ್ (ವೇರಿಯಬಲ್ ಬಿಟ್‌ರೇಟ್), ಅಂದರೆ ಅಗತ್ಯಕ್ಕೆ ತಕ್ಕಂತೆ ಬದಲಾಗುವ ಪಾಲು. ಅದರಲ್ಲಿ ಟಾರ್ಗೆಟ್ ಮತ್ತು ಮ್ಯಾಕ್ಸಿಮಮ್ ಎಂಬ ಎರಡು ಸಂಖ್ಯೆ ಕೇಳುತ್ತದೆ. ಟಾರ್ಗೆಟ್ ಎಂದರೆ ಇಡೀ ಫೈಲಿನ ಸರಾಸರಿ, ಮ್ಯಾಕ್ಸಿಮಮ್ ಎಂದರೆ ಯಾವ ಕ್ಷಣದಲ್ಲೂ ದಾಟಬಾರದ ಮೇಲ್ಮಿತಿ. ಎರಡನ್ನೂ ಒಂದೇ ಸಂಖ್ಯೆ ಮಾಡಿ ಬಿಡುವುದು ಪದೇಪದೇ ಕಾಣುವ ತಪ್ಪು. ಹಾಗೆ ಮಾಡಿದರೆ ವಿಬಿಆರ್ ಹೆಸರಿಗಷ್ಟೇ, ಕೆಲಸದಲ್ಲಿ ಅದು ಸಿಬಿಆರ್ ಆಗುತ್ತದೆ. ಮೇಲಿನ ಪರೀಕ್ಷೆಯಲ್ಲಿ ಕಷ್ಟದ ಜಾಗಕ್ಕೆ 18 ಬೇಕೆಂದು ಗೊತ್ತಾಗಿದ್ದರೆ ಮ್ಯಾಕ್ಸಿಮಮ್ 20 ಇಡಿ, ಟಾರ್ಗೆಟ್ 10 ಇಡಿ.

ಎರಡು ಸುತ್ತಿನ ವಿಬಿಆರ್ ಯಕ್ಷಗಾನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊದಲ ಸುತ್ತಿನಲ್ಲಿ ಎನ್‌ಕೋಡರ್ ಇಡೀ ಟೈಮ್‌ಲೈನ್ ಓದಿ ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂದು ಲೆಕ್ಕ ಬರೆದುಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಹಂಚುತ್ತದೆ. ಅರ್ಧ ಗಂಟೆಯ ಮಾತುಗಾರಿಕೆಯಲ್ಲಿ ಉಳಿಸಿದ ಬಿಟ್‌ಗಳನ್ನು ತಂದು ಹತ್ತು ನಿಮಿಷದ ಕುಣಿತಕ್ಕೆ ಸುರಿಯುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಇಡೀ ರಾತ್ರಿಯ ಆಟವಾದರೆ ಬಹಳ ಹೆಚ್ಚು. ಆದರೆ ಫೈಲಿನ ಗಾತ್ರ ಇಷ್ಟೇ ಇರಬೇಕು ಎಂಬ ಕಟ್ಟು ಇದ್ದಾಗ ಇದಕ್ಕೆ ಸಾಟಿಯಿಲ್ಲ. ಗಾತ್ರದ ಕಟ್ಟು ಇಲ್ಲದಿದ್ದರೆ ಸಿಆರ್‌ಎಫ್ ಸಾಕು, ಅಲ್ಲಿ ಎರಡನೆಯ ಸುತ್ತಿನ ಪ್ರಶ್ನೆಯೇ ಬರುವುದಿಲ್ಲ.

ಪ್ರೀಮಿಯರ್ ತಂತ್ರಾಂಶದಲ್ಲಿ ಎಡಿಟ್ ಮಾಡುವವರು ಒಂದು ಗಮನಿಸಿ. ಪರ್ಫಾರ್ಮೆನ್ಸ್ ಎಂಬಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಇದ್ದರೆ ಎರಡು ಸುತ್ತಿನ ಆಯ್ಕೆ ಸಿಗುವುದಿಲ್ಲ. ಎರಡು ಸುತ್ತು ಬೇಕಿದ್ದರೆ ಸಾಫ್ಟ್‌ವೇರ್ ಎನ್‌ಕೋಡಿಂಗ್‌ಗೆ ಬದಲಿಸಬೇಕು. ಗ್ರಾಫಿಕ್ಸ್ ಕಾರ್ಡಿನ ಎನ್‌ವೆಂಕ್ ಆಗಲಿ, ಇಂಟೆಲ್‌ನ ಕ್ವಿಕ್ ಸಿಂಕ್ ಆಗಲಿ ಕೆಲಸವನ್ನು ಹಲವು ಪಟ್ಟು ಬೇಗ ಮುಗಿಸುತ್ತವೆ. ಅದೇ ಬಿಟ್‌ರೇಟಿನಲ್ಲಿ ನಿಧಾನವಾಗಿ ದುಡಿಯುವ ಎಕ್ಸ್264 ಕೊಡುವಷ್ಟು ವಿವರವನ್ನು ಅವು ಸಾಮಾನ್ಯವಾಗಿ ಕೊಡುವುದಿಲ್ಲ. ಬಿಟ್‌ರೇಟನ್ನು ಕಾಲುಭಾಗ ಏರಿಸಿ ಕೊಟ್ಟರೆ ನೋಡುಗರಿಗೆ ವ್ಯತ್ಯಾಸ ಗೊತ್ತಾಗದು. ಯೂಟ್ಯೂಬಿಗೆ ಏರಿಸುವ ಫೈಲಿಗೆ ಹಾರ್ಡ್‌ವೇರ್ ಸಾಕು, ಪೆನ್‌ಡ್ರೈವಿನಲ್ಲಿ ಕೊಡುವ ಬಿಗಿಯಾದ ಫೈಲಿಗೆ ಸಾಫ್ಟ್‌ವೇರ್ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಕತ್ತಲ ನುಸಿ

ಕ್ವಾಲಿಟಿ ಸೆಟ್ಟಿಂಗ್ ಬಗ್ಗೆ ಮಾತಾಡುವಾಗ ಹೆಚ್ಚಿನವರು ಮರೆಯುವ ವಿಷಯ ಇದು. ಬಯಲಾಟದಲ್ಲಿ ಬೆಳಕು ಸಾಲದೆ ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ಐಎಸ್‌ಒ 3200, 6400ಕ್ಕೆ ಏರಿಸಿ ಶೂಟ್ ಮಾಡಿರುತ್ತೀರಿ. ಹಿಂದಿನ ಕತ್ತಲ ತುಂಬ ನುಸಿ ಹಾರಿದ ಹಾಗೆ ಬಣ್ಣದ ಚುಕ್ಕಿಗಳು ಕುಣಿಯುತ್ತಿರುತ್ತವೆ. ನಿಮಗೆ ಅದು ಕತ್ತಲು. ಎನ್‌ಕೋಡರಿಗೆ ಅದು ಪ್ರತಿ ಫ್ರೇಮಿನಲ್ಲೂ ಬದಲಾಗುವ ಹೊಸ ವಿವರ. ಯಾವ ಚೌಕವೂ ಹಿಂದಿನದಕ್ಕೆ ಹೊಂದದು. ಪರಿಣಾಮವಾಗಿ ವೇಷಧಾರಿಯ ಮುಖಕ್ಕೆ ಸಲ್ಲಬೇಕಾದ ಬಿಟ್‌ಗಳು ಹಿಂದಿನ ಖಾಲಿ ಕತ್ತಲಿಗೆ ಹೋಗುತ್ತವೆ.

ಬಿಟ್‌ರೇಟ್ ಏರಿಸುವ ಮೊದಲು ನುಸಿ ಕಡಿಮೆ ಮಾಡಿ. ಎಡಿಟ್ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನಲ್ಲಿ ಟೆಂಪೊರಲ್ ನಾಯ್ಸ್ ರಿಡಕ್ಷನ್ ಇದೆ, ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿ ಮಾತ್ರ. ಉಚಿತ ದಾರಿ ಬೇಕೆಂದರೆ ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ ವಿಭಾಗದಲ್ಲಿ ನುಸಿ ತೆಗೆಯುವ ಎನ್‌ಎಲ್‌ಮೀನ್ಸ್ ಇದೆ. ಹಗುರ ಮಟ್ಟದಲ್ಲಿ ಹಾಕಿ. ಹೆಚ್ಚಾದರೆ ಮುಖದ ಬಣ್ಣಗಾರಿಕೆಯ ಗೆರೆಗಳೂ ಮೇಣದ ಹಾಗೆ ನುಣ್ಣಗಾಗುತ್ತವೆ. ಇನ್ನೂ ಸರಳ ಉಪಾಯ, ಕಲರ್ ಗ್ರೇಡಿಂಗ್‌ನಲ್ಲಿ ಹಿಂದಿನ ಕತ್ತಲನ್ನು ಸ್ವಲ್ಪ ಕೆಳಗೆ ಒತ್ತುವುದು. ಚುಕ್ಕಿಗಳು ಕಪ್ಪಿನಲ್ಲಿ ಮುಳುಗಿದರೆ ಬಿಟ್ ಉಳಿತಾಯ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಇದೆ. ನೀಲಿ ಪರದೆಯ ಮೇಲೆ ಸ್ಪಾಟ್‌ಲೈಟಿನ ಬೆಳಕು ನಿಧಾನವಾಗಿ ಕರಗುವಲ್ಲಿ ಬಳೆ ಬಳೆಯಾಗಿ ಪಟ್ಟಿಗಳು ಮೂಡುತ್ತವೆ. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, 10 ಬಿಟ್‌ನಲ್ಲಿ 1024. ಮೆಟ್ಟಿಲು ಕಡಿಮೆಯಿದ್ದಾಗ ಇಳಿಜಾರು ಮೆಟ್ಟಿಲಾಗಿಯೇ ಕಾಣುತ್ತದೆ. ಇಲ್ಲಿ ಒಂದಿಷ್ಟು ಹಗುರ ಗ್ರೇನ್ (ಸಣ್ಣ ಚುಕ್ಕಿಗಳು) ಸೇರಿಸಿದರೆ ಪಟ್ಟಿ ಮರೆಯಾಗುತ್ತದೆ, ಬದಲಿಗೆ ಬಿಟ್‌ರೇಟ್ ತುಸು ಏರಿಸಬೇಕು. ಹಾಗಂತ ಎಚ್.264ನಲ್ಲಿ 10 ಬಿಟ್ ಆಯ್ಕೆ ಮಾಡಿ ಟಿವಿಗೆ ಕೊಡಬೇಡಿ. ಬಹುಪಾಲು ಟಿವಿಗಳಿಗೆ ಆ ಪ್ರೊಫೈಲ್ ಓದಲು ಬಾರದು, ಸದ್ದು ಬಂದು ಚಿತ್ರ ಬಾರದೆ ಹೋಗಬಹುದು.

ಕೆಂಪಿನ ಕಥೆ

ಆಟದಲ್ಲಿ ಕೆಂಪಿಗಿರುವ ಜಾಗ ನಿಮಗೆ ಹೇಳಬೇಕಾಗಿಲ್ಲ. ವಿಡಿಯೋದಲ್ಲಿ ಬೇಗ ಕೆಡುವ ಬಣ್ಣವೂ ಅದೇ. ಯಾಕೆಂದರೆ ವಿಡಿಯೋ ಫೈಲು ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲಿಗೂ ಉಂಟು. ಬಣ್ಣದ ಮಾಹಿತಿ 4:2:0ರಲ್ಲಿ ಅಡ್ಡಕ್ಕೂ ಅರ್ಧ, ಉದ್ದಕ್ಕೂ ಅರ್ಧ, ಅಂದರೆ ನಾಲ್ಕು ಪಿಕ್ಸೆಲಿಗೆ ಒಂದು. ಎಚ್‌ಡಿ ವಿಡಿಯೋದ ರೆಕ್ 709 ಮಾನದಂಡದಲ್ಲಿ ಬೆಳಕಿನ ಲೆಕ್ಕಕ್ಕೆ ಹಸಿರಿನ ಪಾಲು ಸುಮಾರು 72 ಶೇಕಡಾ, ಕೆಂಪಿನದು 21, ನೀಲಿಯದು 7. ಹಸಿರು ಬಟ್ಟೆಯ ನೇಯ್ಗೆ ಬೆಳಕಿನ ಮಾಹಿತಿಯಲ್ಲೇ ಉಳಿದುಬಿಡುತ್ತದೆ. ಕಡುಗೆಂಪಿನ ವಿವರ ಹೆಚ್ಚಾಗಿ ಆ ಕಾಲುಭಾಗದ ಬಣ್ಣದ ಪದರದಲ್ಲೇ ಇರುತ್ತದೆ. ಅದಕ್ಕೇ ಕೆಂಪು ಅಂಚು ಮಸುಕು, ಕೆಂಪು ಮಡಿಕೆಗಳು ಒಂದೇ ಸಪಾಟು.

ಇದೇ ಕಾರಣಕ್ಕೆ ಕಪ್ಪಿನ ಮೇಲೆ ಕೆಂಪು ಅಕ್ಷರದಲ್ಲಿ ಕನ್ನಡ ಶೀರ್ಷಿಕೆ ಹಾಕಬೇಡಿ ಎನ್ನುವುದು. ನಮ್ಮ ಒತ್ತಕ್ಷರದ ಸಣ್ಣ ಕೊಂಬು, ಕೆಳಗಿನ ಸುಳಿ ಎರಡೇ ಪಿಕ್ಸೆಲ್ ದಪ್ಪ ಇರುತ್ತವೆ, ಬಣ್ಣದ ಪದರದಲ್ಲಿ ಅದು ಒಂದೇ ಪಿಕ್ಸೆಲ್. ಬಿಳಿ ಅಥವಾ ತಿಳಿಹಳದಿ ಅಕ್ಷರ, ತೆಳುವಾದ ಕಪ್ಪು ಅಂಚು, 1080ರ ಚಿತ್ರದಲ್ಲಿ ಅಕ್ಷರದ ಎತ್ತರ ಕನಿಷ್ಠ 48 ಪಿಕ್ಸೆಲ್. ಬಸ್ಸಿನಲ್ಲಿ ಕೂತು 360ಪಿಯಲ್ಲಿ ನೋಡುವವರಿಗೆ ಆ 48 ಇಳಿದು 16 ಆಗಿರುತ್ತದೆ. ಅದಕ್ಕಿಂತ ಚಿಕ್ಕದಾದರೆ ‘ಸ್ತ್ರೀ’ ಎಂಬಂಥ ಅಕ್ಷರದಲ್ಲಿ ಒತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಯೂಟ್ಯೂಬಿಗೆ ಕೊಡುವಾಗ ಕೆಂಪನ್ನು ಉಳಿಸಿಕೊಳ್ಳುವ ಒಂದು ಒಳ್ಳೆಯ ಉಪಾಯ ಇದೆ. ಎಚ್‌ಡಿ ಟೈಮ್‌ಲೈನನ್ನು 3840 × 2160ಕ್ಕೆ ಹಿಗ್ಗಿಸಿ ರೆಂಡರ್ ಮಾಡಿ ಏರಿಸುವುದು. 4ಕೆಯ ಬಣ್ಣದ ಪದರ ಅರ್ಧಕ್ಕಿಳಿದರೂ 1920 × 1080 ಇರುತ್ತದೆ. ಹೊಸ ವಿವರ ಹುಟ್ಟುವುದಿಲ್ಲ, ಇದ್ದದ್ದು ಮತ್ತಷ್ಟು ಕಳೆದುಹೋಗುವುದು ತಪ್ಪುತ್ತದೆ. ಇದಲ್ಲದೆ ಹೆಚ್ಚಿನ ರೆಸಲ್ಯೂಶನ್ನಿನ ವಿಡಿಯೋಗಳಿಗೆ ಯೂಟ್ಯೂಬ್ ವಿಪಿ9 ಕೋಡೆಕ್ ಬಳಸುತ್ತದೆ, ಚಿಕ್ಕ ಚಾನೆಲ್‌ಗಳ 1080ಪಿಗೆ ಸಾಮಾನ್ಯವಾಗಿ ಸಿಗುವ ಎವಿಸಿಗಿಂತ (ಎಚ್.264ರ ಇನ್ನೊಂದು ಹೆಸರು) ಅದು ಮೇಲು. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆದರೆ ಯಾವ ಕೋಡೆಕ್ ಸಿಕ್ಕಿದೆ ಎಂದು ಕಾಣುತ್ತದೆ.

ಫ್ರೇಮ್‌ರೇಟ್ ರೆಂಡರ್ ಕಿಟಕಿಯಲ್ಲಿ ತೀರ್ಮಾನಿಸುವ ವಿಷಯವಲ್ಲ

ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ದೀಪ ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. 25 ಅಥವಾ 50 ಫ್ರೇಮು, 1/50 ಶಟರ್ ಇದಕ್ಕೆ ಹೊಂದುತ್ತವೆ. ಮೊಬೈಲು ತಾನಾಗಿ ಹಿಡಿಯುವುದು 30. ಎರಡು ಕ್ಯಾಮೆರಾ 25ರಲ್ಲಿ, ಒಂದು ಮೊಬೈಲು 30ರಲ್ಲಿ ಇದ್ದರೆ 25ರ ಟೈಮ್‌ಲೈನಿನಲ್ಲಿ ಮೊಬೈಲಿನ ಪ್ರತಿ ಆರನೆಯ ಫ್ರೇಮು ಬಿದ್ದುಹೋಗುತ್ತದೆ. ಮಾತಿನ ದೃಶ್ಯದಲ್ಲಿ ಗೊತ್ತಾಗದು. ಧೀಂಗಿಣದಲ್ಲಿ ವೇಷ ಕುಂಟಿದ ಹಾಗೆ ಕಾಣುತ್ತದೆ. ರೆಂಡರ್ ಕ್ವಾಲಿಟಿ ಎಷ್ಟು ಏರಿಸಿದರೂ ಈ ಕುಂಟು ಹೋಗದು.

ಮೊಬೈಲಿನ ಇನ್ನೊಂದು ತೊಂದರೆ, ಅದರ ಫ್ರೇಮ್‌ರೇಟ್ ಸ್ಥಿರವಲ್ಲ. ಬೆಳಕು ಕಡಿಮೆಯಾದಾಗ ಇಳಿಯುತ್ತದೆ, ಹೆಚ್ಚಾದಾಗ ಏರುತ್ತದೆ. ಒಂದು ಗಂಟೆ ಹೋಗುವಷ್ಟರಲ್ಲಿ ಚಂಡೆಯ ಪೆಟ್ಟಿಗೂ ಕೈಗೂ ತಾಳೆಯಾಗುವುದಿಲ್ಲ. ಎಡಿಟ್‌ಗೆ ಮೊದಲೇ ಅಂಥ ಕ್ಲಿಪ್‌ಗಳನ್ನು ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟಿಗೆ, ಆರ್‌ಎಫ್ 16ರ ಆಸುಪಾಸಿನಲ್ಲಿ ಬದಲಿಸಿಕೊಳ್ಳಿ. ಡಾವಿಂಚಿಯಲ್ಲಿ ಕ್ಲಿಪ್‌ಗಳನ್ನು ಒಳಗೆ ತಂದ ಮೇಲೆ ಪ್ರಾಜೆಕ್ಟ್ ಫ್ರೇಮ್‌ರೇಟ್ ಬದಲಿಸಲು ಬಿಡುವುದಿಲ್ಲ. ಮೊದಲು ಅದನ್ನು 25 ಅಥವಾ 50 ಎಂದು ಹಾಕಿ, ಆಮೇಲೆ ಕ್ಲಿಪ್ ತನ್ನಿ.

ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುತ್ತಿರುವವರಿಗೆ ಒಂದು ಮಾತು. ನಮ್ಮ ಹಳೆಯ ಟಿವಿ ಪದ್ಧತಿಯಾದ ಪ್ಯಾಲ್‌ನ ಚಿತ್ರ 720 × 576, ಸೆಕೆಂಡಿಗೆ 50 ಅರ್ಧ ಚಿತ್ರಗಳು. 25ಕ್ಕೆ ರೆಂಡರ್ ಮಾಡಿದರೆ ಅರ್ಧದಷ್ಟು ಚಲನೆ ಕಳೆಯುತ್ತದೆ, ಡಿಇಂಟರ್‌ಲೇಸ್ (ಅರ್ಧ ಚಿತ್ರಗಳನ್ನು ಪೂರ್ಣ ಚಿತ್ರವಾಗಿಸುವುದು) ಮಾಡದೆ ಬಿಟ್ಟರೆ ಕುಣಿಯುವ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಈ ಕೆಲಸಕ್ಕಿರುವ ಬಿಡಬ್ಲ್ಯುಡಿಐಎಫ್ ಫಿಲ್ಟರಿನಲ್ಲಿ 50 ಪೂರ್ಣ ಫ್ರೇಮಿಗೆ ತೆಗೆಯಿರಿ. ಆ ಹಳೆಯ ಕಲಾವಿದರ ಕುಣಿತ ಮತ್ತೆ ಶೂಟ್ ಮಾಡಲು ಸಿಗುವಂಥದ್ದಲ್ಲ.

ಟಿಕ್ ಹಾಕುವ ಡಬ್ಬಿಗಳು

ಪ್ರೀಮಿಯರ್‌ನ ‘ಯೂಸ್ ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿ’ ಎಂಬ ಹೆಸರು ನೋಡಿ ಎಲ್ಲರೂ ಟಿಕ್ ಹಾಕುತ್ತಾರೆ. ಅದು ಚಿತ್ರದ ಗಾತ್ರ ಬದಲಾಗುವಾಗ, ಉದಾಹರಣೆಗೆ 4ಕೆ ಕ್ಲಿಪ್ಪು ಎಚ್‌ಡಿಗೆ ಇಳಿಯುವಾಗ, ಇಳಿಸುವ ಲೆಕ್ಕವನ್ನು ನಾಜೂಕಾಗಿ ಮಾಡಲು ಇರುವುದು. ಗ್ರಾಫಿಕ್ಸ್ ಕಾರ್ಡ್ ಬಳಕೆಯಲ್ಲಿದ್ದರೆ ಆ ಲೆಕ್ಕ ಹೇಗೂ ಚೆನ್ನಾಗಿಯೇ ಆಗುತ್ತದೆ. ‘ಮ್ಯಾಕ್ಸಿಮಮ್ ಬಿಟ್ ಡೆಪ್ತ್’ 10 ಬಿಟ್ ಕ್ಲಿಪ್ಪಿಗೆ ಭಾರಿ ಗ್ರೇಡಿಂಗ್ ಮಾಡಿದಾಗ ಬೇಕು. ‘ಯೂಸ್ ಪ್ರಿವ್ಯೂಸ್’ ಕೊನೆಯ ರೆಂಡರಿನಲ್ಲಿ ತೆಗೆದುಬಿಡಿ, ಟೈಮ್‌ಲೈನ್ ಸರಾಗ ಓಡಲೆಂದು ಮಾಡಿದ ಕಡಿಮೆ ಗುಣಮಟ್ಟದ ತುಣುಕುಗಳು ಫೈಲಿನೊಳಕ್ಕೆ ಹೊಕ್ಕುಬಿಡುತ್ತವೆ.

ಡಾವಿಂಚಿಯ ಡೆಲಿವರ್ ಪುಟದಲ್ಲೂ ಇದೇ ಬಗೆಯ ಅಪಾಯ ‘ಯೂಸ್ ಪ್ರಾಕ್ಸಿ ಮೀಡಿಯಾ’ ಎಂಬಲ್ಲಿದೆ. ಪ್ರಾಕ್ಸಿ ಎಂದರೆ ಎಡಿಟ್ ಸರಾಗವಾಗಲೆಂದು ಮಾಡಿಕೊಂಡ ಹಗುರ ಪ್ರತಿ. ಇಡೀ ವಿಡಿಯೋ ಮಸುಕಾಗಿ ಬಂತು, ಬಿಟ್‌ರೇಟ್ ಎಷ್ಟು ಏರಿಸಿದರೂ ಸರಿಹೋಗಲಿಲ್ಲ ಎಂದಾದರೆ ಮೊದಲು ಅಲ್ಲಿ ನೋಡಿ. ಕ್ವಾಲಿಟಿ ಎಂಬಲ್ಲಿ ಆಟೊಮ್ಯಾಟಿಕ್, ಬೆಸ್ಟ್ ಎಂದು ಬಿಟ್ಟರೆ ಫೈಲು ಬಹಳ ದೊಡ್ಡದಾಗಬಹುದು. ‘ರಿಸ್ಟ್ರಿಕ್ಟ್ ಟು’ ಆರಿಸಿ ಸಂಖ್ಯೆ ಬರೆಯಿರಿ, ಅಲ್ಲಿ ಕೇಳುವುದು ಕಿಲೋಬಿಟ್‌ನಲ್ಲಿ, 12 ಎಂಬಿಪಿಎಸ್ ಎಂದರೆ 12000. ಡೇಟಾ ಲೆವೆಲ್ಸ್ ‘ಆಟೊ’ದಲ್ಲೇ ಇರಲಿ. ಸಾಧಾರಣ ವಿಡಿಯೋದಲ್ಲಿ ಕಪ್ಪು 16ರಿಂದ, ಬಿಳಿ 235ರವರೆಗೆ. ಅದನ್ನು ‘ಫುಲ್’ ಮಾಡಿದರೆ ಪ್ಲೇಯರ್ ಅದನ್ನು ಸಾಧಾರಣವೆಂದೇ ಓದಿ ಕತ್ತಲಲ್ಲಿದ್ದ ವಿವರವನ್ನೆಲ್ಲ ಮಸಿಯೊಳಗೆ ಅದ್ದಿಬಿಡಬಹುದು.

ಎಲ್ಲಿಗೆ ಹೋಗುವ ಫೈಲು?

ಯೂಟ್ಯೂಬಿಗೆ: ಅವರೇ ಹೇಳಿರುವ ಅಳತೆ 1080ಪಿ 25 ಅಥವಾ 30 ಫ್ರೇಮಿಗೆ 8 ಎಂಬಿಪಿಎಸ್, 50 ಅಥವಾ 60 ಫ್ರೇಮಿಗೆ 12. 4ಕೆಗೆ 35ರಿಂದ 45, ಹೆಚ್ಚು ಫ್ರೇಮಿನದ್ದಕ್ಕೆ 53ರಿಂದ 68. ಇದನ್ನು ಕೆಳಮಿತಿ ಎಂದು ಹಿಡಿಯಿರಿ. ನೀವು ಕೊಟ್ಟದ್ದನ್ನು ಯೂಟ್ಯೂಬ್ ಮತ್ತೊಮ್ಮೆ ಹಿಂಡುತ್ತದೆ, ಮೊದಲೇ ಹಿಂಡಿದ್ದನ್ನು ಕೊಟ್ಟರೆ ಎರಡು ಬಾರಿಯ ಗಾಯ. ಕುಣಿತದ ವಿಡಿಯೋಗೆ 16ರಿಂದ 20 ಕೊಡಬಹುದು. ಆದರೆ ಮನೆಯ ಇಂಟರ್‌ನೆಟ್ ಲೆಕ್ಕ ಹಾಕಿ. ಎಂಟು ಗಂಟೆಯ ಆಟ 12 ಎಂಬಿಪಿಎಸ್‌ನಲ್ಲಿ 43 ಜಿಬಿ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ನಾಲ್ಕೂಮುಕ್ಕಾಲು ಗಂಟೆ. ಅದನ್ನೇ 4ಕೆಗೆ ಹಿಗ್ಗಿಸಿ 40ರಲ್ಲಿ ಕೊಟ್ಟರೆ 144 ಜಿಬಿ, ಹದಿನಾರು ಗಂಟೆ. ಹಾಗಾಗಿ 4ಕೆ ಉಪಾಯವನ್ನು ಆಯ್ದ ಪ್ರವೇಶ, ಆಯ್ದ ಪದ್ಯಗಳ ಚಿಕ್ಕ ವಿಡಿಯೋಗಳಿಗೆ ಇಟ್ಟುಕೊಳ್ಳಿ. ಯೂಟ್ಯೂಬಿನ ಮಿತಿ 12 ಗಂಟೆ ಅಥವಾ 256 ಜಿಬಿ, ಯಾವುದು ಕಡಿಮೆಯೋ ಅದು.

ಪೆನ್‌ಡ್ರೈವಿಗೆ: ಆಟ ಆಡಿಸಿದ ಮನೆಯವರಿಗೆ 32 ಜಿಬಿ ಪೆನ್‌ಡ್ರೈವಿನಲ್ಲಿ ಕೊಡಬೇಕು ಎಂದಿಟ್ಟುಕೊಳ್ಳಿ. ಸ್ವಲ್ಪ ಖಾಲಿ ಬಿಟ್ಟು 30 ಜಿಬಿ ಎಂದು ಹಿಡಿಯೋಣ. 30,000 ಎಂಬಿಯನ್ನು 8ರಿಂದ ಗುಣಿಸಿ, ಎಂಟು ಗಂಟೆಯ 28,800 ಸೆಕೆಂಡಿನಿಂದ ಭಾಗಿಸಿದರೆ 8.3 ಎಂಬಿಪಿಎಸ್. ಆಡಿಯೋಗೆ 0.32 ತೆಗೆದರೆ ವಿಡಿಯೋಗೆ 8. ಎರಡು ಸುತ್ತಿನ ವಿಬಿಆರ್, ಟಾರ್ಗೆಟ್ 8, ಮ್ಯಾಕ್ಸಿಮಮ್ 16. ಇನ್ನು, ಪೆನ್‌ಡ್ರೈವಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ಎಕ್ಸ್‌ಫ್ಯಾಟ್ ಮಾಡಿದರೆ ದಾಟಬಹುದು, ಆದರೆ ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಗುರುತಿಸದೆ ಇರುವುದುಂಟು. ಮೇಲಿನ ಲೆಕ್ಕದಲ್ಲಿ ಒಂದು ಗಂಟೆಗೆ 3.74 ಜಿಬಿ ಆಗುತ್ತದೆ, ಗಂಟೆಯೊಳಗಿನ ಭಾಗಗಳಾಗಿ, ಪದ್ಯ ಮುಗಿಯುವಲ್ಲಿ ಕತ್ತರಿಸಿ ಕೊಡುವುದು ಕ್ಷೇಮ. ಕೋಡೆಕ್ ಎಚ್.264, ಪ್ರೊಫೈಲ್ ಹೈ, ಲೆವೆಲ್ 4.1. ಎಚ್.265 ಅರ್ಧ ಜಾಗದಲ್ಲಿ ಹಿಡಿಯುತ್ತದೆ ನಿಜ, ಪಡೆದವರ ಮನೆಯ ಟಿವಿಯಲ್ಲಿ ಓಡದಿದ್ದರೆ ಆ ಉಳಿತಾಯ ಯಾರಿಗೆ?

ವಾಟ್ಸ್ಆ್ಯಪ್‌ಗೆ: ಸಾಮಾನ್ಯವಾಗಿ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಆಮಂತ್ರಣದ ಒಂದು ನಿಮಿಷದ ತುಣುಕನ್ನು 15 ಎಂಬಿಯೊಳಗೆ ತರಬೇಕೆಂದರೆ 120 ಮೆಗಾಬಿಟ್, 60 ಸೆಕೆಂಡು, ಒಟ್ಟು 2 ಎಂಬಿಪಿಎಸ್. ಆಡಿಯೋ 128 ಕಿಲೋಬಿಟ್, ವಿಡಿಯೋ 1.8. ಇಷ್ಟರಲ್ಲಿ 1080 ಬೇಡ, 720 ಇಡಿ. ಅದೇ ಬಿಟ್‌ನಲ್ಲಿ ಚಿಕ್ಕ ಚಿತ್ರ ಸ್ವಚ್ಛವಾಗಿ, ದೊಡ್ಡ ಚಿತ್ರ ಚೌಕ ಚೌಕವಾಗಿ ಬರುತ್ತದೆ.

ಕಾದಿಡಲಿಕ್ಕೆ: ಪ್ರೋರೆಸ್ 422 ಅಥವಾ ಡಿಎನ್ಎಕ್ಸ್ಎಚ್ಆರ್ ಎಂಬ, ಕಡಿಮೆ ಹಿಂಡುವ ಕೋಡೆಕ್‌ನಲ್ಲಿ ಇಡಿ ಎಂದು ಪುಸ್ತಕದಲ್ಲಿ ಓದಿರುತ್ತೀರಿ. 1080ಪಿ, 25 ಫ್ರೇಮಿನ ಪ್ರೋರೆಸ್ 422 ಸುಮಾರು 122 ಎಂಬಿಪಿಎಸ್, ಗಂಟೆಗೆ 55 ಜಿಬಿ, ಒಂದು ರಾತ್ರಿಗೆ 440 ಜಿಬಿ. ನಿಮ್ಮ ಕ್ಯಾಮೆರಾವೇ 8 ಬಿಟ್ 4:2:0ರಲ್ಲಿ 50 ಎಂಬಿಪಿಎಸ್ ಕೊಟ್ಟಿದ್ದರೆ ಅದನ್ನು ಪ್ರೋರೆಸ್ ಮಾಡಿ ಹೊಸದೇನೂ ಗಳಿಸಲಾಗದು. ಮೂಲ ಕ್ಲಿಪ್‌ಗಳನ್ನೂ ಪ್ರಾಜೆಕ್ಟ್ ಫೈಲನ್ನೂ ಎರಡು ಡಿಸ್ಕಿನಲ್ಲಿ ಇಡಿ, ಜೊತೆಗೆ ಎಡಿಟ್ ಆದದ್ದನ್ನು ಸಿಆರ್‌ಎಫ್ 16ರಲ್ಲಿ ಒಂದು ಪ್ರತಿ. ಯೂಟ್ಯೂಬಿನಿಂದ ಇಳಿಸಿಕೊಂಡದ್ದನ್ನೇ ಮುಂದೆ ಎಡಿಟ್ ಮಾಡಿ, ಮತ್ತೆ ಏರಿಸಿ, ಮತ್ತೆ ಇಳಿಸಿ ಹೋದರೆ ನಾಲ್ಕನೆಯ ಪೀಳಿಗೆಯಲ್ಲಿ ಕಿರೀಟದ ಕನ್ನಡಿ ಚೂರುಗಳು ಇದ್ದವೆಂದೇ ಗೊತ್ತಾಗುವುದಿಲ್ಲ.

ಸದ್ದು

ಆಡಿಯೋಗೆ ಕೊಡುವ ಬಿಟ್ ಇಡೀ ಫೈಲಿನಲ್ಲಿ ಚಿಲ್ಲರೆ, ಅಲ್ಲಿ ಜಿಪುಣತನ ಬೇಡ. ಎಎಸಿ ಎಂಬ ಆಡಿಯೋ ಕೋಡೆಕ್, 48 ಕಿಲೋಹರ್ಟ್ಸ್, 320 ಕಿಲೋಬಿಟ್. ಚಂಡೆಯ ಪೆಟ್ಟು ಸೂಜಿಯಂತೆ ಏರಿಳಿಯುವ ಸದ್ದು. ಎಎಸಿಗೆ ಬದಲಿಸುವಾಗ ಆ ತುದಿ ಮೂಲಕ್ಕಿಂತ ತುಸು ಮೇಲೇರುತ್ತದೆ. ಸೊನ್ನೆ ಡೆಸಿಬೆಲ್‌ಗೆ ಮುಟ್ಟಿಸಿದ್ದರೆ ಒಡೆಯುತ್ತದೆ. ತುದಿ ಮಟ್ಟ ದಾಟದಂತೆ ತಡೆಯುವ ಲಿಮಿಟರನ್ನು ಟ್ರೂ ಪೀಕ್ ಮೈನಸ್ 1 ಡೆಸಿಬೆಲ್‌ನಲ್ಲಿ ಇಡಿ. ಯೂಟ್ಯೂಬ್ ಒಟ್ಟು ಸದ್ದನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಗ್ಗಿಸುತ್ತದೆ. ಅದಕ್ಕಿಂತ ಜೋರು ಮಾಡಲು ಚಂಡೆಯನ್ನು ಒತ್ತಿ ಒತ್ತಿ ಸಪಾಟು ಮಾಡಿದರೆ ಭಾಗವತರ ದನಿ ಅದರಡಿ ಹೂತುಹೋಗುವುದಷ್ಟೇ ಲಾಭ.

ಕೊಡುವ ಮೊದಲು

ರೆಂಡರ್ ಮುಗಿದ ಫೈಲನ್ನು ಅದರ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ತೆರೆದು ಕೋಡೆಕ್, ಫ್ರೇಮ್‌ರೇಟ್, ಬಿಟ್‌ರೇಟ್ ನೀವು ಕೇಳಿದ್ದೇ ಬಂದಿದೆಯೇ ನೋಡಿ. ಎಡಿಟ್ ಮಾಡಿದ ಸಾಫ್ಟ್‌ವೇರಿನಲ್ಲೇ ಮತ್ತೆ ನೋಡಬೇಡಿ, ಬೇರೆ ಪ್ಲೇಯರಿನಲ್ಲಿ ನೋಡಿ. ಮೂರು ಜಾಗ ಸಾಕು. ಶುರುವಿನ ಒಂದು ನಿಮಿಷದಲ್ಲಿ ಕಪ್ಪು ಕಪ್ಪಾಗಿದೆಯೇ, ಶೀರ್ಷಿಕೆಯ ಒತ್ತಕ್ಷರ ಓದಲು ಬರುತ್ತದೆಯೇ. ನೀವು ಮೊದಲೇ ಗುರುತಿಸಿದ ಕಷ್ಟದ ಇಪ್ಪತ್ತು ಸೆಕೆಂಡಿನಲ್ಲಿ ಹೊಗೆ ಹೊಗೆಯಾಗಿಯೇ ಇದೆಯೇ. ಕೊನೆಯ ಐದು ನಿಮಿಷದಲ್ಲಿ, ಮಂಗಳಪದದ ಹೊತ್ತಿಗೆ, ಚಂಡೆಯ ಕೋಲು ಬೀಳುವುದಕ್ಕೂ ಸದ್ದು ಕೇಳುವುದಕ್ಕೂ ತಾಳೆಯಿದೆಯೇ. ಪೆನ್‌ಡ್ರೈವಿನಲ್ಲಿ ಕೊಡುವುದಾದರೆ ಅದೇ ಪೆನ್‌ಡ್ರೈವನ್ನು ಟಿವಿಗೆ ಚುಚ್ಚಿ ನೋಡಿ, ಮಧ್ಯಕ್ಕೆ ಹಾರಿಸಿ ನೋಡಿ. ಹಾರಿಸಿದಾಗ ಬಹಳ ಹೊತ್ತು ತಡವರಿಸಿದರೆ ಕೀಫ್ರೇಮುಗಳು (ಎರವಲಿಲ್ಲದೆ ಪೂರ್ತಿಯಾಗಿ ಬರೆದ ಚಿತ್ರಗಳು) ದೂರ ದೂರ ಬಿದ್ದಿವೆ ಎಂದರ್ಥ. 25 ಫ್ರೇಮಿನ ವಿಡಿಯೋಗೆ 50 ಫ್ರೇಮಿಗೊಂದು ಕೀಫ್ರೇಮ್ ಎಂದು ಹಾಕಿ ಮತ್ತೊಮ್ಮೆ ರೆಂಡರ್‌ಗೆ ಬಿಡಿ.